ಸಮ್ಮತಿ ಯಾರದು? ಸೊಲ್ಲಾಪುರದ ಅಕ್ಷತೆ ಮತ್ತು ಗಡಿನಾಡಿನ ಮದುವೆಯ ಅರ್ಥಗಳು

(ಗಡಿಯಾಚೆಯ ಕನ್ನಡ ಸಮುದಾಯಗಳ ಆಚರಣೆಗಳನ್ನು ಕುರಿತ ಆನ್‌ಲೈನ್ ವಿಚಾರಸಂಕಿರಣದಲ್ಲಿ ಮಾಡಿದ ಉಪನ್ಯಾಸದ ಬರಹರೂಪ. ಪುನರುಕ್ತಿಗಳನ್ನು ತೆಗೆದಿದ್ದೇನೆ, ಮಾತಿನ ಧಾಟಿಯನ್ನು ಹಾಗೇ ಬಿಟ್ಟಿದ್ದೇನೆ.)

ಕಾಸರಗೋಡಿನಿಂದ, ತಾಳವಾಡಿಯಿಂದ, ರಾಯದುರ್ಗದಿಂದ, ಜತ್ತದಿಂದ ಇಷ್ಟು ಜನ ಒಂದೇ ಪರದೆಯ ಮೇಲೆ ಕೂತಿರುವುದನ್ನು ನೋಡಿದರೆ ಇದೇ ಒಂದು ಮದುವೆ ಮನೆ ಅನ್ನಿಸ್ತಿದೆ. ನನಗೆ ಕೊಟ್ಟ ವಿಷಯ 'ಸಾಂಪ್ರದಾಯಿಕ ವಿವಾಹ ವಿಧಿಗಳು ಮತ್ತು ಅವುಗಳ ಅರ್ಥ'. ವಿಷಯ ದೊಡ್ಡದು. ನಾನು ಹುಟ್ಟಿದ್ದು ಅಕ್ಕಲಕೋಟ ತಾಲೂಕಿನ ಒಂದು ಹಳ್ಳಿಯಲ್ಲಿ, ಸೊಸೆಯಾಗಿ ಬಂದದ್ದು ಸೊಲ್ಲಾಪುರಕ್ಕೆ. ಹಾಗಾಗಿ ನನ್ನ ಕಾಲ ಕೆಳಗಿನ ನೆಲದಿಂದಲೇ ಶುರುಮಾಡ್ತೀನಿ. ಬೇರೆ ಗಡಿಗಳ ಬಗ್ಗೆ ಹೇಳುವಾಗ ತಪ್ಪಿದ್ದರೆ ಆಮೇಲೆ ತಿದ್ದಿ.

ಹೋದ ವರ್ಷ ನಮ್ಮ ಸೋದರ ಸೊಸೆಯ ಮದುವೆ ಇತ್ತು. ತವರಿನ ಕಡೆಯ ಮದುವೆ. ಮಂಗಲ ಕಾರ್ಯಾಲಯ ಹಿಡಿದಿದ್ದರು. ಕೈಯಲ್ಲಿ ಮೈಕ್ ಹಿಡಿದ ಒಬ್ಬ ಹುಡುಗ ಇದ್ದ, ನಿರೂಪಕ. ಪ್ರತಿಯೊಂದು ವಿಧಿಗೂ ಮೊದಲು ಅದರ ಅರ್ಥ ಹೇಳುವುದು ಅವನ ಕೆಲಸ. ಅರ್ಧ ಮರಾಠಿ, ಅರ್ಧ ಹಿಂದಿ. ಅರಿಶಿಣ ಯಾಕೆ? ರೋಗಾಣು ಸಾಯಲಿ ಅಂತ. ಕಾಲುಂಗುರ ಯಾಕೆ? ಆ ಬೆರಳಿನ ನರ ಗರ್ಭಕೋಶಕ್ಕೆ ಹೋಗುತ್ತೆ ಅಂತ. ಉಂಗುರ ಯಾಕೆ? ಆ ಬೆರಳಿನ ರಕ್ತನಾಳ ನೇರ ಹೃದಯಕ್ಕೆ ಹೋಗುತ್ತೆ ಅಂತ. ನನ್ನ ಪಕ್ಕದಲ್ಲಿ ಕೂತಿದ್ದ ನಮ್ಮ ದೊಡ್ಡವ್ವ, ಎಂಬತ್ತು ದಾಟಿದವಳು, ಮೊಣಕೈಲೆ ತಿವಿದು ಕೇಳಿದಳು: 'ಏನ ಹೇಳಾಕತ್ತಾನವ್ವಾ ಅಂವ?' ನಾನು ಕನ್ನಡದಲ್ಲಿ ಹೇಳಿದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, 'ನಾವು ಹಚ್ಚತಿದ್ವಿ. ಹಾಡತಿದ್ವಿ. ಯಾಕಂತ ಯಾರೂ ಕೇಳಿದ್ದಿಲ್ಲ' ಅಂದಳು.

ಆ ಮಾತನ್ನು ಎರಡು ರೀತಿಯಲ್ಲಿ ಓದಬಹುದು. ಅರ್ಥ ಗೊತ್ತಿಲ್ಲದೆ ಕುರುಡಾಗಿ ಮಾಡುತ್ತಿದ್ದರು ಅನ್ನುವುದು ಒಂದು. ನಿರೂಪಕ ಹುಡುಗನ ಓದು ಅದೇ, ನಮ್ಮ ಅನೇಕ ಪುಸ್ತಕಗಳ ಓದೂ ಅದೇ. ನನ್ನ ಓದು ಬೇರೆ. ಹಚ್ಚುವುದು, ಹಾಡುವುದು, ಯಾರು ಮೊದಲು ಹಚ್ಚಬೇಕು, ಯಾರನ್ನು ಕರೆಯಲಿಲ್ಲ ಅಂತ ಜಗಳ ಆಡುವುದು, ಇದರಲ್ಲೇ ಅರ್ಥ ಇತ್ತು. ಹೊರಗಿನಿಂದ ಒಬ್ಬ ಬಂದು ಹೇಳುವ ಅಗತ್ಯ ಇರಲಿಲ್ಲ.

ಕಾಲುಂಗುರದ ನರದ ಕಥೆಗೆ ಅಂಗರಚನಾ ಶಾಸ್ತ್ರದಲ್ಲಿ ಆಧಾರ ಇಲ್ಲ. ಉಂಗುರದ ಬೆರಳಿಂದ ಹೃದಯಕ್ಕೆ ನೇರ ನಾಳ ಅನ್ನುವುದಂತೂ ನಮ್ಮದೇ ಅಲ್ಲ, ಅದು ಪ್ರಾಚೀನ ರೋಮಿನ ಕಡೆಯಿಂದ ಬಂದ ನಂಬಿಕೆ. ಸುತ್ತಿ ಬಳಸಿ ಸನಾತನ ವಿಜ್ಞಾನ ಅಂತ ನಮ್ಮ ಮಂಟಪಕ್ಕೆ ಬಂದಿದೆ. ಇದನ್ನೆಲ್ಲ ಬರೀ ತಮಾಷೆ ಮಾಡಿ ಬಿಡಬಹುದಿತ್ತು. ಆದರೆ ಇಂಥ 'ಅರ್ಥ'ಕ್ಕೆ ಒಂದು ಪರಿಣಾಮ ಇದೆ. ಅದು ಎಲ್ಲ ಊರಿನ ಎಲ್ಲ ಜಾತಿಯ ಮದುವೆಗಳನ್ನು ಒಂದೇ ಮದುವೆ ಮಾಡಿಬಿಡುತ್ತೆ. ಗಡಿನಾಡಿನಲ್ಲಿ ಇದರ ಏಟು ಜಾಸ್ತಿ. ಯಾಕಂದ್ರೆ ನಮ್ಮಲ್ಲಿ ಶಾಲೆಯಲ್ಲಿ, ಕಚೇರಿಯಲ್ಲಿ, ಬಸ್ಸಿನ ಬೋರ್ಡಿನಲ್ಲಿ ಕನ್ನಡ ಹೋದ ಮೇಲೂ ಮದುವೆಯ ಒಳಮನೆಯಲ್ಲಿ ಉಳಿದಿತ್ತು.

ಸಂಪ್ರದಾಯದ ಹೆಸರಿನಲ್ಲಿ ಮಾತಾಡುವವರಿಗೆ ಸಂಪ್ರದಾಯದಿಂದಲೇ ಒಂದು ಉತ್ತರ ಇದೆ. ಆಶ್ವಲಾಯನ ಗೃಹ್ಯಸೂತ್ರ ಮದುವೆಯ ಪ್ರಕರಣ ಶುರುಮಾಡುವಾಗಲೇ, ದೇಶಾಚಾರ ಗ್ರಾಮಾಚಾರಗಳು ನಾನಾ ತೆರನಾಗಿವೆ, ಮದುವೆಯಲ್ಲಿ ಅವುಗಳನ್ನು ಅನುಸರಿಸಬೇಕು ಅನ್ನುತ್ತೆ. ಎಲ್ಲ ಕಡೆ ಸಮಾನವಾದದ್ದನ್ನು ಮಾತ್ರ ತಾನು ಹೇಳುವುದಾಗಿ ಮುಂದುವರಿಯುತ್ತೆ. ಆಪಸ್ತಂಬ ಗೃಹ್ಯಸೂತ್ರ ಇನ್ನೂ ಸ್ಪಷ್ಟ. ಮಾಡಬೇಕಾದ ಆಚಾರಗಳನ್ನು ಹೆಂಗಸರಿಂದ ತಿಳಿದುಕೊಳ್ಳಿ ಅನ್ನುತ್ತೆ. ಅಂದ್ರೆ ಸೂತ್ರಕಾರನೂ ನಮ್ಮ ದೊಡ್ಡವ್ವನನ್ನು ಕೇಳು ಅಂತಲೇ ಹೇಳಿದ್ದಾನೆ. ಮೈಕ್ ಹಿಡಿದವನಿಗೆ ಅದು ಗೊತ್ತಿಲ್ಲ, ಅಷ್ಟೇ.

ಈಗ ಗಡಿಗಳ ಕಡೆ ಹೋಗೋಣ. ನಾನು ಒಂದೇ ಪ್ರಶ್ನೆ ಇಟ್ಟುಕೊಂಡು ನೋಡ್ತೀನಿ: ಮದುವೆ ಆಯಿತು ಅನ್ನುವ ಗಳಿಗೆ ಯಾವುದು? ನಮ್ಮ ಸೊಲ್ಲಾಪುರ, ಅಕ್ಕಲಕೋಟ, ಜತ್ತದ ಕಡೆ ಅಂತರಪಟ ಸರಿದು ಅಕ್ಕಿಕಾಳು ಬೀಳುವುದೇ ಗಳಿಗೆ. 'ಅಕ್ಕಿಕಾಳ ಬಿದ್ವು' ಅಂದ್ರೆ ಮದುವೆ ಆಯ್ತು ಅಂತಲೇ ಅರ್ಥ. ಹೆಸರಿಗೆ ಅಕ್ಕಿಕಾಳು. ನಮ್ಮ ಒಕ್ಕಲುತನದ ಮನೆಗಳಲ್ಲಿ ಅದು ಅರಿಶಿಣ ಕುಂಕುಮ ಹಚ್ಚಿದ ಜೋಳ. ಭತ್ತ ಬೆಳೆಯದ ನೆಲ ನೋಡ್ರಿ ನಮ್ಮದು. ತೆಲುಗು ಸೀಮೆಗೆ ಹೋದರೆ ತೆರೆಯ ಆಚೆ ಈಚೆ ಕೂತ ವಧೂವರರು ಒಬ್ಬರ ತಲೆಯ ಮೇಲೆ ಒಬ್ಬರು ಜೀರಿಗೆ ಬೆಲ್ಲ ಇಡುವುದೇ ಮುಹೂರ್ತ. ಆದೋನಿ, ರಾಯದುರ್ಗ, ಮಡಕಶಿರದ ಕನ್ನಡ ಮನೆಗಳಿಗೂ ಅದು ಪರಕೀಯವಲ್ಲ. ಕಾಸರಗೋಡಿನ ತುಳು ಕನ್ನಡ ಮನೆಗಳಲ್ಲಿ ಧಾರೆಯೇ ಮದುವೆ. ಕರೆಯೋಲೆಯಲ್ಲೇ ಧಾರಾಮುಹೂರ್ತ ಅಂತ ಅಚ್ಚಾಗುತ್ತೆ. ತಮಿಳು ನಾಡಿನಲ್ಲಿ ಕೊಟ್ಟಿಮೇಳದ ನಡುವೆ ತಾಳಿಯ ಗಂಟು ಬೀಳಬೇಕು, ಹೊಸೂರಿನ ಕನ್ನಡದವರ ಛತ್ರದಲ್ಲೂ ಓಲಗದವನು ಆ ಸನ್ನೆಗೇ ಕಾಯ್ತಾನೆ. ಕಾನೂನು ಏನನ್ನುತ್ತೆ? 1955ರ ಹಿಂದೂ ವಿವಾಹ ಕಾಯ್ದೆಯ 7ನೇ ಕಲಮು, ಎರಡು ಪಕ್ಷಗಳಲ್ಲಿ ಯಾವುದಾದರೂ ಒಂದರ ರೂಢಿಯ ಪ್ರಕಾರ ಮದುವೆ ನಡೆಯಬಹುದು, ಆ ರೂಢಿಯಲ್ಲಿ ಸಪ್ತಪದಿ ಇದ್ದರೆ ಏಳನೆಯ ಹೆಜ್ಜೆಗೆ ಮದುವೆ ಪೂರ್ತಿ ಅನ್ನುತ್ತೆ. ಇದನ್ನೇ ಆಧರಿಸಿ 2024ರಲ್ಲಿ ಅಲಹಾಬಾದ್ ಹೈಕೋರ್ಟು ಕನ್ಯಾದಾನ ಮದುವೆಗೆ ಅತ್ಯಗತ್ಯ ವಿಧಿಯಲ್ಲ ಅಂತ ಹೇಳಿತು.

ಹೆಣ್ಣಿನ ಕಡೆಯಿಂದ ನೋಡಿದರೆ ಈ ಗಳಿಗೆಗಳು ಒಂದೇ ತೂಕದವಲ್ಲ. ಧಾರೆಯಲ್ಲಿ ಕೊಡುವವರು ಇದ್ದಾರೆ, ತೆಗೆದುಕೊಳ್ಳುವವನು ಇದ್ದಾನೆ, ಆಕೆ ಕೊಡಲ್ಪಡುವವಳು. 'ಧಾರೆ ಎರೆದು ಕೊಟ್ಟುಬಿಟ್ಟ' ಅನ್ನುವ ನುಡಿಗಟ್ಟನ್ನು ಆಸ್ತಿಗೂ ವಿದ್ಯೆಗೂ ಜೀವಕ್ಕೂ ಬಳಸ್ತೀವಿ, ಪೂರ್ತಿಯಾಗಿ ಬಿಟ್ಟುಕೊಡುವುದು ಅಂತ. ತಾಳಿಯಲ್ಲಿ ಕಟ್ಟುವವನು ಒಬ್ಬ, ಕಟ್ಟಿಸಿಕೊಳ್ಳುವವಳು ಒಬ್ಬಳು. ಜೀರಿಗೆ ಬೆಲ್ಲದಲ್ಲಿ ಮಾತ್ರ ಎರಡು ಕೈಗಳೂ ಒಂದೇ ಕೆಲಸ ಮಾಡ್ತವೆ. ಹೆಜ್ಜೆಯಲ್ಲಿ ಇಬ್ಬರೂ ನಡೀತಾರೆ. ಆಶ್ವಲಾಯನ ಹೇಳುವ ಏಳು ಹೆಜ್ಜೆಗಳಲ್ಲಿ ಅನ್ನ, ಬಲ, ಸಂಪತ್ತು, ಸುಖ, ಸಂತಾನ, ಋತುಗಳು ಎಲ್ಲ ಮುಗಿದ ಮೇಲೆ ಏಳನೆಯದು ಸಖ್ಯದ್ದು. ಆದರೆ ಆ ಮಾತನ್ನು ಹೇಳುವವನು ವರ ಮಾತ್ರ. ಸಖಿಯಾಗು ಅಂತ ಕರೆಯುತ್ತಾನೆ, ಅವಳು ಉತ್ತರ ಕೊಟ್ಟಳೇ ಅನ್ನುವುದು ಆ ಸೂತ್ರದಲ್ಲಿ ಇಲ್ಲ.

ಇಲ್ಲಿಂದ ನಾನು ಸೊಲ್ಲಾಪುರಕ್ಕೆ ಬರ್ತೀನಿ, ಇಲ್ಲೇ ಸ್ವಲ್ಪ ನಿಲ್ತೀನಿ. ನಮ್ಮೂರಿನಲ್ಲಿ ಪ್ರತಿವರ್ಷ ಜನವರಿಯಲ್ಲಿ ಒಂದು ಮದುವೆ ನಡೆಯುತ್ತೆ. ಲಕ್ಷಾಂತರ ಜನ ಬರ್ತಾರೆ. ಅದರಲ್ಲಿ ವಧುವೂ ಇಲ್ಲ, ವರನೂ ಇಲ್ಲ. ಸೊನ್ನಲಿಗೆಯ ಸಿದ್ಧರಾಮ, ಹನ್ನೆರಡನೆಯ ಶತಮಾನದ ಶರಣ, ಕಪಿಲಸಿದ್ಧಮಲ್ಲಿಕಾರ್ಜುನ ಅಂಕಿತದ ವಚನಕಾರ, ನಿಮಗೆಲ್ಲ ಗೊತ್ತು. ರಾಘವಾಂಕ ಅವನ ಮೇಲೆ 'ಸಿದ್ಧರಾಮ ಚಾರಿತ್ರ' ಬರೆದ. ಊರಲ್ಲಿ ಜನ ಹೇಳುವ ಕಥೆ ಹೀಗಿದೆ. ಒಬ್ಬ ಕುಂಬಾರ ಕನ್ಯೆ ದಿನಾ ಸಿದ್ಧರಾಮನ ಅಂಗಳ ಸಾರಿಸಿ ರಂಗೋಲಿ ಹಾಕ್ತಿದ್ದಳು. ನಿನ್ನನ್ನೇ ಮದುವೆಯಾಗ್ತೀನಿ ಅಂದಳು. ನಾನು ಶಿವನಿಗೆ ಒಪ್ಪಿಸಿಕೊಂಡವನು, ಆಗಲ್ಲ ಅಂದ ಆತ. ಅವಳು ಬಿಡಲಿಲ್ಲ. ಕೊನೆಗೆ, ಬೇಕಾದರೆ ನನ್ನ ಯೋಗದಂಡದ ಜೊತೆ ಮದುವೆ ಮಾಡಿಕೋ ಅಂದ. ಆಕೆ ಮಾಡಿಕೊಂಡಳು. ಆಮೇಲೆ ಅಗ್ನಿಗೆ ಹೋದಳು.

ಜಾತ್ರೆ ಈ ಕಥೆಯನ್ನೇ ಮದುವೆಯ ಕ್ರಮದಲ್ಲಿ ನಡೆಸುತ್ತೆ. ಮೊದಲ ದಿನ ಎಣ್ಣೆಮಜ್ಜನ: ಬಿಳಿಯ ಬಾರಾಬಂದಿ ತೊಟ್ಟವರು ಏಳು ನಂದಿಧ್ವಜಗಳನ್ನು ಹೊತ್ತು, ಸಿದ್ಧರಾಮ ಸ್ಥಾಪಿಸಿದ ಅಂತ ಹೇಳುವ ಅರವತ್ತೆಂಟು ಲಿಂಗಗಳಿಗೆ ಹೋಗಿ ಎಣ್ಣೆ ಎರೆದು ಬರ್ತಾರೆ. ಅದು ಒಂಥರಾ ಬೀಗರನ್ನು ಕರೆಯುವುದು, ಅರಿಶಿಣ ಎಣ್ಣೆಯ ದಿನ. ಎರಡನೆಯ ದಿನ ದೇವಸ್ಥಾನದ ಹತ್ತಿರ ಸಮ್ಮತಿ ಕಟ್ಟೆಯಲ್ಲಿ ಅಕ್ಷತೆ. ಕುಂಬಾರ ಮನೆತನದಿಂದ ಬಂದ ಮಣ್ಣಿನ ಸುಗಡಿಗಳಿಗೆ ಪೂಜೆ ಆಗುತ್ತೆ, ಸಮ್ಮತಿಯ ವಾಚನ ಆಗುತ್ತೆ, ಜನಸಾಗರ ಅಕ್ಷತೆ ಹಾಕುತ್ತೆ. ಮೂರನೆಯ ದಿನ, ಸಂಕ್ರಾಂತಿಗೆ, ಹೋಮ. ನಾಲ್ಕಕ್ಕೆ ಮದ್ದು ಸುಡುವುದು. ಐದಕ್ಕೆ ಕಪ್ಪಡಕಳಿ, ಅಂದ್ರೆ ಧ್ವಜಗಳ ಬಟ್ಟೆ ಕಳಚುವುದು. ಮದುವೆ ಮನೆ ಖಾಲಿಯಾಯ್ತು.

ಒಂದು ಮಾತು ಇಲ್ಲೇ ಹೇಳಿಬಿಡ್ತೀನಿ. ಮರಾಠಿ ಪತ್ರಿಕೆಗಳು ಈ ಜಾತ್ರೆಯ ಸುದ್ದಿ ಬರೆಯುವಾಗ 'ಯಣ್ಣಿಮಜ್ಜನ', 'ಕಪ್ಪಡಕಳಿ' ಅಂತಲೇ ಅಚ್ಚು ಹಾಕ್ತವೆ, ಮರಾಠಿಗೆ ತಿರುಗಿಸೋದಿಲ್ಲ. ಓದುವ ಅನೇಕರಿಗೆ ಅದು ಕನ್ನಡ ಅಂತ ಗೊತ್ತೂ ಇಲ್ಲ. ಪೂಜೆಯ ಮಾನಕರಿಗಳ ಮನೆತನದ ಹೆಸರೇ ಹಿರೇಹಬ್ಬು. ಅಕ್ಷತೆಯ ಹೊತ್ತಿಗೆ ಓದುವ ಸಮ್ಮತಿ ಕೂಡ ಕನ್ನಡದ್ದೇ. ಮರಾಠಿ, ತೆಲುಗು, ದಖನಿ, ಕನ್ನಡ ಎಲ್ಲ ಮಾತಾಡುವ ಜನ ಕೈಯಲ್ಲಿ ಅಕ್ಷತೆ ಹಿಡಿದು ಆ ಕನ್ನಡ ಮುಗಿಯುವುದಕ್ಕೆ ಕಾಯ್ತಾರೆ. ನಾವು ಗಡಿನಾಡ ಕನ್ನಡಿಗರು ಇದನ್ನು ಹೆಮ್ಮೆಯಿಂದ ಹೇಳಿಕೊಳ್ತೀವಿ, ನಾನೂ ಹೇಳಿಕೊಂಡಿದ್ದೇನೆ. ಇದರ ಬಗ್ಗೆ ಬರೆಯುವ ಲೇಖನಗಳೆಲ್ಲ ಅಲ್ಲಿಗೇ ನಿಂತುಬಿಡ್ತವೆ. 'ಭಾಷಾ ಸಾಮರಸ್ಯದ ಪ್ರತೀಕ' ಅಂತ ಒಂದು ಸಾಲು ಬರೆದರೆ ಮುಗೀತು. ನನ್ನ ತಕರಾರು ಅಲ್ಲಿಂದ ಶುರುವಾಗುತ್ತೆ.

ವಿಧಿಯ ಹೆಸರೇ ಸಮ್ಮತಿ. ಒಪ್ಪಿಗೆ. ನಮ್ಮ ಬೇರೆ ಯಾವ ಮದುವೆ ವಿಧಿಗೂ ಈ ಹೆಸರಿಲ್ಲ ನೋಡ್ರಿ. ಮುಹೂರ್ತ ಇದೆ, ಧಾರೆ ಇದೆ, ಲಗ್ನ ಇದೆ. ಒಪ್ಪಿಗೆ ಅನ್ನುವ ಹೆಸರಿನ ವಿಧಿ ಇರುವುದು ಇಲ್ಲಿ. ಹಾಗಾದ್ರೆ ಯಾರ ಒಪ್ಪಿಗೆ? ನಾವು ಹೆಣ್ಣುಮಕ್ಕಳ ಮದುವೆ ಬಗ್ಗೆ ಬರೆಯುವಾಗ ಸಾಮಾನ್ಯವಾಗಿ ಅವಳನ್ನು ಯಾರೂ ಕೇಳಲಿಲ್ಲ ಅಂತ ಬರೀತೀವಿ. ಈ ಕಥೆಯಲ್ಲಿ ಉಲ್ಟಾ. ಇಲ್ಲಿ ಕೇಳಿದವಳೇ ಅವಳು. ಒಪ್ಪದೇ ಇದ್ದವನು ವರ. ಸಮರ್ಥ ರಾಮದಾಸರ ಕಥೆ ನಮ್ಮ ಮರಾಠಿ ನೆರೆಯವರು ಹೇಳ್ತಾರೆ, ಮಂಗಳಾಷ್ಟಕದ 'ಸಾವಧಾನ' ಅನ್ನುವ ಶಬ್ದ ಕಿವಿಗೆ ಬಿದ್ದದ್ದೇ ತಡ ಮಂಟಪದಿಂದ ಎದ್ದು ಓಡಿದರು ಅಂತ. ಗಂಡಿಗೆ ಒಪ್ಪಿಗೆ ಇಲ್ಲದಿದ್ದರೆ ಓಡಬಹುದು, ಸಂತ ಆಗಬಹುದು. ಸಿದ್ಧರಾಮ ಓಡಲಿಲ್ಲ, ದಂಡ ಕೊಟ್ಟ. ಆದರೆ ತಾನು ಬಯಸಿದವನನ್ನು ಬಾಯಿಬಿಟ್ಟು ಕೇಳಿದ ಹುಡುಗಿಯ ಕಥೆ ಬೆಂಕಿಯಲ್ಲಿ ಮುಗಿಯುತ್ತೆ.

ಹೋಮದ ದಿನ ಕಣಿಕೆಯ ಸೂಡಿಗೆ ಸೀರೆ ಉಡಿಸಿ, ಮಂಗಳಸೂತ್ರ, ಬಳೆ, ಕಾಲುಂಗುರ ಹಾಕಿ, ಅದನ್ನೇ ಕುಂಬಾರ ಕನ್ಯೆ ಅಂತ ಭಾವಿಸಿ ಅಗ್ನಿಗೆ ಕೊಡ್ತಾರೆ. ಆ ಮೈದಾನಕ್ಕೆ ಹೋಮ್ ಮೈದಾನ ಅಂತಲೇ ಹೆಸರು. (ಊರಿಗೆ ಹೊಸಬರು ಅದನ್ನು ಇಂಗ್ಲಿಷಿನ ಹೋಮ್ ಅಂದುಕೊಳ್ಳುವುದನ್ನು ಕೇಳಿದ್ದೇನೆ.) ಜಾನಪದದ ವಿದ್ವಾಂಸರು ಇದಕ್ಕೆ ಒಂದು ಅರ್ಥ ಕೊಡಬಹುದು, ಕೊಡುವುದು ಸುಲಭವೂ ಹೌದು. ಸಂಕ್ರಾಂತಿ ಸುಗ್ಗಿಯ ಹೊತ್ತು, ಕಣಿಕೆ ಬೆಳೆಯ ಗುರುತು, ಕುಂಬಾರತಿ ಮಣ್ಣಿನ ಮಗಳು, ದಂಡ ಅಂದ್ರೆ ಪುರುಷ. ಮಣ್ಣಿಗೂ ಬೀಜಕ್ಕೂ ಮದುವೆ, ಕೊಯ್ಲಾದ ಮೇಲೆ ಹಳೆಯದನ್ನು ಸುಡುವುದು, ಮತ್ತೆ ಹೊಸ ವರ್ಷ. ಈ ಓದು ತಪ್ಪು ಅಂತ ನಾನು ಹೇಳೋದಿಲ್ಲ, ಅದರಲ್ಲಿ ಹುರುಳಿದೆ. ನನಗೆ ಕಸಿವಿಸಿ ಆಗುವುದು ಬೇರೆ ಕಡೆ. ಇಂಥ ಅರ್ಥ ಹೇಳಿದ ಕೂಡಲೇ ಹುಡುಗಿ ಮಾಯವಾಗ್ತಾಳೆ, ಬರೀ ಫಸಲು ಉಳಿಯುತ್ತೆ. ನಿರೂಪಕ ಹುಡುಗ ಅರಿಶಿಣವನ್ನು ರೋಗಾಣುನಾಶಕ ಮಾಡಿದ, ವಿದ್ವಾಂಸರು ಕನ್ಯೆಯನ್ನು ಕಣಿಕೆ ಮಾಡಿದರು. ಭಾಷೆ ಬೇರೆ, ಕೆಲಸ ಒಂದೇ.

ನಾನು ಮದುವೆಯಾಗಿ ಬಂದ ಮೊದಲ ವರ್ಷ ನಮ್ಮ ಅತ್ತೆ ನನ್ನನ್ನು ಹೋಮಕ್ಕೆ ಕರೆದುಕೊಂಡು ಹೋಗಿದ್ದರು. ದೂರದಲ್ಲಿ ನಿಂತಿದ್ವಿ, ಕಾಣ್ತಿದ್ದದ್ದು ಬೆಳಕು ಮಾತ್ರ. ಅತ್ತೆ ಕೈ ಮುಗಿದು, ಆಮೇಲೆ ಸೆರಗಿನಲ್ಲಿ ಕಣ್ಣು ಒರೆಸಿಕೊಂಡರು. 'ಹೊಗಿ ಬಂತೇನ್ರಿ?' ಅಂತ ಕೇಳಿದೆ. 'ಹೊಗಿ ಇಲ್ಲಿತನಾ ಬರ್ತದೇನ? ಪಾಪ, ಪೋರಿ' ಅಂದರು. ಅಷ್ಟೇ. ಅವರು ಜಾತ್ರೆಯನ್ನು ಪ್ರಶ್ನಿಸಿದವರಲ್ಲ, ಒಂದು ವರ್ಷವೂ ತಪ್ಪಿಸಿದವರೂ ಅಲ್ಲ. ಆದರೆ ಅವರ ಲೆಕ್ಕದಲ್ಲಿ ಅಲ್ಲಿ ಸುಟ್ಟದ್ದು ಫಸಲಲ್ಲ, ಒಬ್ಬ ಪೋರಿ. ಭಕ್ತಿಯೂ ದುಃಖವೂ ಒಟ್ಟಿಗೇ ಇರುವ ಈ ಓದನ್ನು ನಮ್ಮ ಯಾವ ಲೇಖನವೂ ದಾಖಲು ಮಾಡಿಲ್ಲ ಅನ್ನುವುದು ನನ್ನ ದೂರು. ಜಾತ್ರೆಯ ಮೇಲೆ ನನ್ನ ದೂರಿಲ್ಲ. ಹೆಣ್ಣು ರಾಕ್ಷಸಿಯಲ್ಲ, ಸಾಕ್ಷಾತ್ ದೈವ ಅಂತ ಹೇಳುವ ವಚನ ಸಿದ್ಧರಾಮನ ಹೆಸರಿನಲ್ಲೇ ಇದೆ. ಆ ವಚನವನ್ನೂ ಆ ಬೆಂಕಿಯನ್ನೂ ಎದುರುಬದುರು ಇಟ್ಟು ಓದಬೇಕಾದವರು ನಾವು. ವಚನವನ್ನು ಸಾಹಿತ್ಯದ ತರಗತಿಗೆ, ಬೆಂಕಿಯನ್ನು ಜಾನಪದದ ತರಗತಿಗೆ ಹಂಚಿಬಿಟ್ಟಿದ್ದೀವಿ.

ಒಪ್ಪಿಗೆಯ ಈ ಎಳೆ ಹಿಡಿದು ನೀಲಗಿರಿಗೆ ಹೋದರೆ ಇನ್ನೊಂದು ಸೋಜಿಗ ಇದೆ. ಬಡಗರು ತಮ್ಮ ನುಡಿ ಕನ್ನಡದ ಉಪಭಾಷೆಯೋ ಸ್ವತಂತ್ರ ಭಾಷೆಯೋ ಅನ್ನುವುದರಲ್ಲಿ ತಮ್ಮದೇ ಅಭಿಪ್ರಾಯ ಇರುವವರು, ಅದನ್ನು ಅವರೇ ಹೇಳಲಿ. 1909ರಲ್ಲಿ ಬಂದ ಎಡ್ಗರ್ ಥರ್ಸ್ಟನ್ನನ ಜಾತಿ ಬುಡಕಟ್ಟುಗಳ ಸಂಪುಟಗಳಲ್ಲಿ ಅವರ ಒಂದು ವಿಧಿಯ ವಿವರ ಇದೆ, ಕನ್ನಿ ಕಟ್ಟುವುದು. ನಮ್ಮ ದನದ ಕೊಟ್ಟಿಗೆಯ ಕಣ್ಣಿ ನೆನಪಾಗುತ್ತೆ ಅಲ್ವಾ? ಹೆಂಡತಿ ಬಸುರಿಯಾಗಿ ಏಳನೆಯ ತಿಂಗಳಲ್ಲಿ ಗಂಡ ಅವಳ ಕೊರಳಿಗೆ ದಾರ ಹಾಕ್ತಾನೆ. ಹಾಕುವ ಮೊದಲು, ನಿಮ್ಮ ಮಗಳ ಕೊರಳಿಗೆ ಹಾಕಲೇ ಅಂತ ಮಾವನನ್ನು ಕೇಳ್ತಾನೆ. ಮಾವ ಹೂಂ ಅಂದ ಮೇಲೆ ಹಾಕ್ತಾನೆ.

ಮುಹೂರ್ತದ ಒಂದು ಗಳಿಗೆಯಲ್ಲಿ ಮದುವೆ ಮುಗಿದುಹೋಗುವುದಿಲ್ಲ ಇಲ್ಲಿ. ತಿಂಗಳುಗಟ್ಟಲೆ ಕೂಡಿ ಬಾಳಿ, ಕೂಸು ಬರುವ ಹೊತ್ತಿಗೆ ಮತ್ತೊಮ್ಮೆ ಒಪ್ಪಿಗೆ ಕೇಳಬೇಕು. ನನಗೆ ಇದು ಬಹಳ ವಿವೇಕದ ಕ್ರಮ ಅನ್ನಿಸುತ್ತೆ. ಆದರೆ ಇಲ್ಲೂ ಕೇಳುವುದು ಅಳಿಯ, ಹೇಳುವುದು ಮಾವ. ಹೊಟ್ಟೆಯಲ್ಲಿ ಏಳು ತಿಂಗಳ ಕೂಸು ಹೊತ್ತವಳು ನಡುವೆ ಕೂತಿರ್ತಾಳೆ.

ಹಾಗಾದ್ರೆ ಹೆಣ್ಣು ಬಾಯಿ ಬಿಡುವ ಜಾಗ ನಮ್ಮ ಮದುವೆಯಲ್ಲಿ ಎಲ್ಲೂ ಇಲ್ಲವಾ? ಇದೆ, ಎರಡು ಕಡೆ. ಒಂದು ಬೀಗರ ಹಾಡು. ಸುರಗಿಯ ಹೊತ್ತಿನಲ್ಲಿ, ನಾಲ್ಕು ಮೂಲೆಗೆ ತಂಬಿಗೆ ಇಟ್ಟು ನೂಲು ಸುತ್ತಿ ನೀರು ಹಾಕುವಾಗ, ಊಟದ ಪಂಕ್ತಿಯಲ್ಲಿ, ಹೆಂಗಸರು ಬೀಗರನ್ನು ಹೆಸರು ಹಿಡಿದು ಬೈದು ಹಾಡ್ತಿದ್ದರು. ಬೀಗಿತಿಯ ಮೂಗು, ಬೀಗನ ಹೊಟ್ಟೆ, ಕೊಟ್ಟ ಸೀರೆಯ ಸೆರಗಿನ ತೂತು, ಒಂದನ್ನೂ ಬಿಡ್ತಿರಲಿಲ್ಲ. ಹೆಣ್ಣು ಕೊಟ್ಟ ಮನೆಯವರು ಗಂಡಿನ ಮನೆಯವರ ಮುಂದೆ ವರ್ಷವಿಡೀ ತಲೆ ತಗ್ಗಿಸಬೇಕಾದ ವ್ಯವಸ್ಥೆಯಲ್ಲಿ ಒಂದು ಮಧ್ಯಾಹ್ನ ಸಿಕ್ಕ ಪರವಾನಿಗೆ ಅದು. ಅದನ್ನು ಈಗ ಡಿಜೆ ನುಂಗಿದೆ. ಸಂಗ್ರಹಕಾರರೂ ಸೋಬಾನೆಯನ್ನು ಭಕ್ತಿಯಿಂದ ಬರೆದುಕೊಂಡಷ್ಟು ಬೈಗುಳದ ಪದಗಳನ್ನು ಬರೆದುಕೊಳ್ಳಲಿಲ್ಲ. ಅಸಭ್ಯ ಅನ್ನಿಸಿರಬೇಕು.

ಇನ್ನೊಂದು ಒಡಪು. ಗಂಡನ ಹೆಸರು ಹೇಳಬಾರದು ಅನ್ನುವ ನಿಯಮ, ಹೇಳದೆ ಒಳಗೆ ಬಿಡೋದಿಲ್ಲ ಅನ್ನುವ ಹಟ. ಹೊಸ್ತಿಲಲ್ಲಿ ನಾದಿನಿಯರು ಅಡ್ಡ ನಿಲ್ತಾರೆ. ಮದುಮಗಳು ಎರಡು ಸಾಲು ಪ್ರಾಸದಲ್ಲಿ ಹೆಸರನ್ನು ಬಚ್ಚಿಟ್ಟು ಹೇಳಬೇಕು. ಮರಾಠಿಯಲ್ಲಿ ಇದಕ್ಕೆ ಉಖಾಣೆ ಅಂತಾರೆ. ಇಡೀ ಮದುವೆಯಲ್ಲಿ ಮದುಮಗಳು ಎಲ್ಲರೂ ಕಿವಿಗೊಟ್ಟು ಕೇಳುವಂತೆ ಮಾತಾಡುವುದು ಇದೊಂದೇ ಸಲ. ಮಂತ್ರ ಪುರೋಹಿತನದು ಅಥವಾ ಅಯ್ಯನದು, ಹಾಡು ಹೆಂಗಸರ ಗುಂಪಿನದು, ಮೈಕು ನಿರೂಪಕನದು. ಒಡಪು ಅವಳದು.

ನನ್ನ ಮದುವೆ ಆದಾಗ ನಾನು ಬಿಎ ಎರಡನೇ ವರ್ಷ. ನೋಡಲು ಬಂದವರು ಹೋದ ಮೇಲೆ ಅಪ್ಪ ಅವ್ವನನ್ನು ಕೇಳಿದರು, ಅವ್ವ ಅಜ್ಜಿಯನ್ನು ಕೇಳಿದಳು, ಸಾಯಂಕಾಲಕ್ಕೆ ಮಾತು ಮುಗಿದಿತ್ತು. ಯಾರೂ ಕ್ರೂರಿಗಳಲ್ಲ. ನನ್ನನ್ನು ಕೇಳುವುದು ಒಂದು ಕೆಲಸ ಅಂತ ಅವರಿಗೆ ಹೊಳೆದಿರಲಿಲ್ಲ, ಅಷ್ಟೇ. ಒಡಪಿನ ಹೊತ್ತು ಬಂತು. ಕನ್ನಡದ ಒಡಪು ನನಗೆ ಹತ್ತಾರು ಬರ್ತಿದ್ದವು. ಆದರೆ ಗಂಡನ ಮನೆ ಸೊಲ್ಲಾಪುರದ ಪೇಟೆಯದು, ಅವರ ಬೀಗರೆಲ್ಲ ಮರಾಠಿ ಆಡುವವರು, ಕನ್ನಡದಲ್ಲಿ ಹೇಳಿದರೆ ಹಳ್ಳಿಯವಳು ಅಂತಾರೆ ಅಂತ ಸೋದರತ್ತೆ ಹಿಂದಿನ ರಾತ್ರಿಯೇ ಒಂದು ಮರಾಠಿ ಉಖಾಣೆ ಬಾಯಿಪಾಠ ಮಾಡಿಸಿದ್ದಳು. ಹೇಳಿದೆ. ಚಪ್ಪಾಳೆ ಬಿತ್ತು. ನನ್ನ ಮದುವೆಯಲ್ಲಿ ನಾನು ಆಡಿದ ಒಂದೇ ಮಾತು ನನ್ನ ಭಾಷೆಯದಾಗಿರಲಿಲ್ಲ. ಮರಾಠಿಯ ಮೇಲೆ ನನಗೆ ಮುನಿಸಿಲ್ಲ, ನನ್ನ ಮಕ್ಕಳು ಓದಿದ್ದು ಅದರಲ್ಲೇ. ಮುನಿಸು ಆ ರಾತ್ರಿಯ ನಾಚಿಕೆಯ ಮೇಲೆ.

ಇದಕ್ಕಾಗಿಯೇ ನನಗೆ ತಮಿಳುನಾಡಿನ ಒಂದು ಕಾನೂನು ಬಹಳ ಹಿಡಿಸಿತು. ತಾಳವಾಡಿ, ಹೊಸೂರಿನವರು ಇದನ್ನು ಹೆಚ್ಚು ಬಳಸದೇ ಇರಬಹುದು, ಆದರೆ ಅವರಿಗೂ ಅನ್ವಯ ಆಗುವಂಥದ್ದು. 1967ರಲ್ಲಿ ಅಣ್ಣಾದುರೈ ಸರ್ಕಾರ ಹಿಂದೂ ವಿವಾಹ ಕಾಯ್ದೆಗೆ 7ಎ ಅಂತ ಒಂದು ಕಲಮು ಸೇರಿಸಿತು. ಸ್ವಾಭಿಮಾನ ಮದುವೆಗಳಿಗೆ ಮಾನ್ಯತೆ ಕೊಡಲು ತಂದದ್ದು. ಪುರೋಹಿತ ಬೇಡ. ಬಂಧುಗಳ, ಸ್ನೇಹಿತರ ಮುಂದೆ ಹಾರ ಹಾಕಿಕೊಂಡರೂ ಸರಿ, ಉಂಗುರ ತೊಡಿಸಿದರೂ ಸರಿ, ತಾಳಿ ಕಟ್ಟಿದರೂ ಸರಿ. ಮೊದಲನೆಯ ದಾರಿ ಇನ್ನೂ ಸರಳ: ನಾನು ಇವನನ್ನು ಗಂಡನಾಗಿ, ನಾನು ಇವಳನ್ನು ಹೆಂಡತಿಯಾಗಿ ಸ್ವೀಕರಿಸಿದ್ದೇನೆ ಅಂತ ಇಬ್ಬರೂ, ಇಬ್ಬರಿಗೂ ಅರ್ಥವಾಗುವ ಯಾವುದೇ ಭಾಷೆಯಲ್ಲಿ ಹೇಳುವುದು. ಇಬ್ಬರಿಗೂ ಅರ್ಥವಾಗುವ ಭಾಷೆ! ಮದುವೆಯ ಅರ್ಥಗಳ ಬಗ್ಗೆ ನಾನು ಓದಿದ ಎಷ್ಟೋ ಪುಸ್ತಕಗಳಿಗಿಂತ ಒಬ್ಬ ಕರಡು ಬರೆದ ಗುಮಾಸ್ತನಿಗೆ ಈ ವಿಷಯ ಚೆನ್ನಾಗಿ ಗೊತ್ತಿತ್ತು. ಮಂತ್ರವೂ ಮಾತೇ, ಆದರೆ ಅದು ಅರ್ಥವಾಗಬೇಕಾದವಳಿಗೆ ಅರ್ಥವಾಗಬೇಕು.

ಸಮಯ ಆಯ್ತು ಅಂತ ಸಂಚಾಲಕರು ಸನ್ನೆ ಮಾಡ್ತಿದ್ದಾರೆ. ಚಾಟಿನಲ್ಲಿ ಬಂದ ಒಂದು ಪ್ರಶ್ನೆಗೆ ಮಾತ್ರ ಉತ್ತರಿಸ್ತೀನಿ. ಕಾಸರಗೋಡಿನಿಂದ ಒಬ್ಬರು ಕೇಳಿದ್ದಾರೆ: ಹಾಗಾದರೆ ಧಾರೆ, ಅಂತರಪಟ ಎಲ್ಲ ಬಿಡಬೇಕು ಅನ್ನುತ್ತೀರಾ? ಇಲ್ಲ. ನನಗೆ ಅಂತರಪಟ ಇಷ್ಟ. ಪಟದ ಹಿಂದೆ ನಿಂತ ಆ ಎರಡು ನಿಮಿಷ ಮದುಮಗಳ ಮುಖ ಯಾರಿಗೂ ಕಾಣೋದಿಲ್ಲ, ಅವಳು ಒಬ್ಬಳೇ ಇರ್ತಾಳೆ. ಆ ಎರಡು ನಿಮಿಷ ಬೇಕು. ಧಾರೆಯ ನೀರನ್ನು ಇಬ್ಬರ ತಂದೆತಾಯಿಯರೂ ಒಟ್ಟಿಗೆ ಎರೆದರೆ ಶಾಸ್ತ್ರ ಮುಳುಗೋದಿಲ್ಲ, ಗ್ರಾಮಾಚಾರ ಬದಲಾಗುತ್ತೆ ಅಂತ ಸೂತ್ರಕಾರನಿಗೂ ಗೊತ್ತಿತ್ತು. ನಾನು ಹೇಳುವುದು ನಮ್ಮ ಕೆಲಸದ ಬಗ್ಗೆ. ವಿಧಿಯ ಅರ್ಥ ಬರೆಯುವವರು ವಿಧಿಯಲ್ಲಿ ನಿಂತವಳನ್ನು ಒಮ್ಮೆಯಾದರೂ ಕೇಳಿ ಬರೆಯಬೇಕು.

ಆ ಸೋದರ ಸೊಸೆಯ ಮದುವೆಗೆ ಒಂದು ತಿಂಗಳಿದ್ದಾಗ ಅವಳು ನನಗೆ ಫೋನ್ ಮಾಡಿದ್ದಳು. ಪುಣೆಯಲ್ಲಿ ಸಾಫ್ಟ್‌ವೇರ್ ಕೆಲಸ, ಹುಡುಗ ಅವಳೇ ಆರಿಸಿದವನು, ಮರಾಠಿಯವನು. 'ಅತ್ತೀ, ಒಂದು ಕನ್ನಡ ಒಡಪ ಬರದ ಕೊಡು, ಇಂಗ್ಲಿಷ್ ಅಕ್ಷರದಾಗ' ಅಂದಳು. ಕನ್ನಡ ಓದಲು ಬರೋದಿಲ್ಲ ಅವಳಿಗೆ. ಬರೆದು ಕಳಿಸಿದೆ, ಹುಡುಗನ ಹೆಸರನ್ನು ಜೋಳದ ತೆನೆಯಲ್ಲಿ ಬಚ್ಚಿಟ್ಟು. ಹೊಸ್ತಿಲಲ್ಲಿ ಅವಳು ಮೊದಲ ಸಾಲು ಹೇಳಿದಳು, ಎರಡನೆಯದು ಮರೆತಳು. ನಾದಿನಿಯರು ಬಿಡಲಿಲ್ಲ. ಆಕೆ ನಕ್ಕು, ಹುಡುಗನ ಹೆಸರನ್ನು ನೇರವಾಗಿ ಕೂಗಿ ಕರೆದು, 'ನೀನು ನನ್ನದು ಹೇಳು ಮೊದಲು' ಅಂದಳು, ಕನ್ನಡದಲ್ಲೇ. ಅವನಿಗೆ ಅರ್ಥವಾಗಲಿಲ್ಲ. ದೊಡ್ಡವ್ವ ಕುರ್ಚಿಯಿಂದ ಅರ್ಧ ಎದ್ದು ಅವನಿಗೆ ಮರಾಠಿಯಲ್ಲಿ ಹೇಳಿದಳು.